ಲಿಯೋನಾಳ ಹಳದಿ ಚೀಟಿ

ಲಿಯೋನಾ ಪೆಸ್ಚ್ಕಾ ಮಹಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಊರಿನಲ್ಲಿ ಕೆಲವರು ಅವಳನ್ನು ಗಟ್ಟಿಗಿತ್ತಿ ಎನ್ನುತ್ತಾರೆ, ಇನ್ನು ಕೆಲವರು ಮನೆಮುರುಕಿ ಎನ್ನುತ್ತಾರೆ. ಎರಡು ಗುಂಪಿನವರಿಗೂ ಅವಳ ವಿಷಯ ಎಳ್ಳಷ್ಟೂ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಅವಳನ್ನು ಲಿಫ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಸಾಗಿಸಿದವನು ನಾನು, ವರ್ನ್ ಸ್ಟೆಕ್ಲೈನ್. ಹಾಗಾಗಿ ನನಗೆ ಗೊತ್ತು.

ಕಾನ್ಸಾಸ್‌ನಲ್ಲಿರುವ ನಮ್ಮ ಹೋಲ್ಟರ್‌ವಿಲ್ಲಿನ ಕಾಲೇಜು ಸ್ಟೇಡಿಯಮ್ಮಿನಲ್ಲಿ ಚಳಿಗಾಲಕ್ಕೆ ಮುಂಚೆ ಆರೇಳು ಶನಿವಾರ ಫುಟ್‌ಬಾಲ್ ನಡೆಯುತ್ತದೆ. ಆ ದಿನಗಳಲ್ಲಿ ಪತ್ರಿಕೆಯವರ ಕೋಣೆಗೆ ಹೋಗುವ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಗುಂಡಿ ಒತ್ತುವುದು ನನ್ನ ಕೆಲಸ. ಲಿಯೋನಾ ಟಿಕೆಟ್ ಆಫೀಸಿನವಳು. ಆಟದ ಅರ್ಧ ಮುಗಿದ ಮೇಲೆ ಬಿಳಿ ಚೀಟಿಯೊಂದನ್ನು ಹಿಡಿದು ಬರುತ್ತಿದ್ದಳು. ಅದು ಆರನೇ ಮಹಡಿಯಲ್ಲಿ ಮೈಕಿನ ಮುಂದೆ ಕೂತವನ ಕೈಗೆ ಹೋಗುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು ಓದುತ್ತಿದ್ದ: "ಇವತ್ತಿನ ಪ್ರೇಕ್ಷಕರು ಐವತ್ತೆರಡು ಸಾವಿರದ ಮುನ್ನೂರ ನಲವತ್ತು! ಮತ್ತೊಮ್ಮೆ ಎಲ್ಲ ಟಿಕೆಟ್ ಖಾಲಿ!" ಜನ ಎದ್ದು ನಿಂತು ಕೂಗುತ್ತಿದ್ದರು. ಅಂದರೆ, ಬಂದಿದ್ದ ಜನ. ಮೇಲಿನ ಸಾಲುಗಳ ಖಾಲಿ ಬೆಂಚುಗಳ ಮೇಲೆ ಬಿಸಿಲು ಮಲಗಿರುತ್ತಿತ್ತು. ಅದನ್ನು ಊರೆಲ್ಲ ಕಂಡೂ ಕಾಣದಂತೆ ಇತ್ತು.

ಮೂವತ್ತೊಂದು ವರ್ಷದಿಂದ ಒಂದು ಆಟವೂ ತಪ್ಪದೆ ಹೌಸ್‌ಫುಲ್ ಎಂದು ನಮ್ಮೂರಿನ ನೀರಿನ ಟ್ಯಾಂಕಿನ ಮೇಲೆ ಬರೆದಿದೆ. ಗೆಲುವು ಸೋಲು ಬರುತ್ತವೆ ಹೋಗುತ್ತವೆ, ಟ್ಯಾಂಕಿನ ಮೇಲಿನ ಅಂಕಿ ಮಾತ್ರ ಏರುತ್ತಲೇ ಇರಬೇಕು. ಅದು ನಿಂತರೆ ಒಳ್ಳೆಯ ಆಟಗಾರರು ನಮ್ಮಲ್ಲಿಗೆ ಬರುವುದಿಲ್ಲ, ತರಬೇತುದಾರ ಓಡಿಹೋಗುತ್ತಾನೆ, ಆಮೇಲೆ ಹೋಟೆಲು, ಆಮೇಲೆ ಪೆಟ್ರೋಲ್ ಬಂಕು, ಆಮೇಲೆ ಊರೇ ಇಲ್ಲ ಎಂದು ಕ್ಷೌರದಂಗಡಿಯಲ್ಲಿ ಕೂತವರು ಲೆಕ್ಕ ಹಾಕುತ್ತಿದ್ದರು. ಅದಕ್ಕೇ ಗುರುವಾರದ ಹೊತ್ತಿಗೆ ಉಳಿದ ಟಿಕೆಟ್ಟುಗಳನ್ನು ಕಾರು ಮಾರುವ ಧಣಿಯೊಬ್ಬ ಚಿಲ್ಲರೆ ಕಾಸಿಗೆ ಒಟ್ಟಿಗೆ ಎತ್ತುತ್ತಿದ್ದ. ಅವು ರಟ್ಟಿನ ಪೆಟ್ಟಿಗೆಯಲ್ಲಿ ಅವನ ಶೋರೂಮಿನ ಮೂಲೆ ಸೇರುತ್ತಿದ್ದವು.

"ಮಾರಿದ್ದು ಮಾರಿದ್ದೇ ಲಿಯೋನಾ," ಎನ್ನುತ್ತಿದ್ದ ಅವಳ ಮೇಲಧಿಕಾರಿ ಡ್ವೇನ್ ಟೀಡೆಮನ್. "ಟಿಕೆಟ್ ತಗೊಂಡೋರು ಬಂದ್ರೋ ಬಿಟ್ರೋ, ಅದು ಅವರ ಹಣೆಬರಹ."

"ಹಾಟ್‌ಡಾಗ್ ಮಾರೋರನ್ನೂ ಸೇರಿಸಿದೀರಂತೆ ಸಾರ್?" ಎಂದು ನಾನು ಲಿಫ್ಟಿನಲ್ಲಿ ಕೆಣಕುತ್ತಿದ್ದೆ. "ದೀಪದ ಕಂಬದ ಮೇಲೆ ಪಾರಿವಾಳ ಕೂತಿದ್ವು, ಅವನ್ನ ಮರೆತುಬಿಟ್ರೋ ಏನೋ."

"ನೀನು ಗುಂಡಿ ಒತ್ತೋ ವರ್ನ್."

ಲಿಯೋನಾ ನಗುತ್ತಿರಲಿಲ್ಲ. ಅವಳ ಸ್ವೆಟರಿನ ಜೇಬಿನಲ್ಲಿ ಇನ್ನೊಂದು ಚೀಟಿ ಇರುತ್ತಿತ್ತು, ಹಳದಿಯದು. ಗೇಟಿನ ಯಂತ್ರಗಳು ಎಷ್ಟು ಟಿಕೆಟ್ಟಿಗೆ ಪೀಂ ಎಂದವು ಎಂಬ ಲೆಕ್ಕ ಅದರಲ್ಲಿ. ಬರೆಯಬೇಕೆಂಬ ನಿಯಮವಿತ್ತು, ಓದಬೇಕೆಂಬ ನಿಯಮವಿರಲಿಲ್ಲ. ಆಟ ಮುಗಿದ ಮೇಲೆ ಅದು ಟೀಡೆಮನ್ನನ ಮೇಜಿನ ಡ್ರಾಯರ್ ಸೇರುತ್ತಿತ್ತು. ಆ ಚೀಟಿ ಎಲ್ಲಾದರೂ ಜಾರಿ ಬಿದ್ದು ಯಾರಾದರೂ ಪತ್ರಿಕೆಯವನ ಕೈಗೆ ಸಿಕ್ಕಿದರೆ ಎಂದು ಅವಳಿಗೆ ಜೀವ ಪುಕಪುಕ. ಆರು ಮಹಡಿ ಏರುವಷ್ಟರಲ್ಲಿ ಹತ್ತು ಸಲ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅವಳ ಭಯದ ಬೇರು ಬೇರೆ ಕಡೆ ಇತ್ತು. ಒಮ್ಮೆ ಲಿಫ್ಟು ನಡುವೆ ನಿಂತು ಇಪ್ಪತ್ತು ನಿಮಿಷ ನಾವಿಬ್ಬರೇ ಸಿಕ್ಕಿಕೊಂಡಾಗ ಹೇಳಿದಳು. ಅವಳಿಗೆ ಒಂಬತ್ತು ವರ್ಷ. ಊರಾಚೆ ಗೋಧಿ ಹೊಲದ ನಡುವೆ ಮನೆ. ಸುಂಟರಗಾಳಿ ಬರುವ ಸೈರನ್ ಕೂಗಿತು. ಎಲ್ಲರೂ ನೆಲಮಾಳಿಗೆಗೆ ಓಡಿದರು. ಅಪ್ಪ ಬಾಗಿಲಿಗೆ ಅಗುಳಿ ಹಾಕುವ ಮುಂಚೆ ಕತ್ತಲಲ್ಲಿ ಕೇಳಿದ, "ಎಲ್ರೂ ಬಂದ್ರಾ?"

"ನಾನು 'ಹ್ಞೂಂ ಅಪ್ಪ, ಎಲ್ರೂ ಬಂದ್ರು' ಅಂದೆ ವರ್ನ್. ಎಣಿಸ್ಲಿಲ್ಲ. ಸುಮ್ನೆ ಅಂದುಬಿಟ್ಟೆ. ಅಜ್ಜಿ ಕೋಳಿಗೂಡಿನ ಹತ್ರ ಇದ್ರು."

ಅಜ್ಜಿ ಉಳಿಯಲಿಲ್ಲ. ಅಂದಿನಿಂದ ಅವಳು ಎಣಿಸುವವಳಾದಳು. ಚರ್ಚಿನ ಊಟದಲ್ಲಿ ತಲೆ ಎಣಿಸುತ್ತಿದ್ದಳು, ಬಸ್ಸಿನಲ್ಲಿ ಎಣಿಸುತ್ತಿದ್ದಳು. ಅಂಥವಳಿಗೆ ವಿಧಿ ಕೊಟ್ಟ ಹೊಟ್ಟೆಪಾಡು ನೋಡಿ, ಇಲ್ಲದ ಜನರನ್ನು ಇದ್ದಾರೆ ಎಂದು ಬರೆಯುವುದು!

ಹೋದ ವರ್ಷ ಸೆಪ್ಟೆಂಬರಿನ ಕೊನೆಯ ಶನಿವಾರ. ನೂರ ತೊಂಬತ್ತಾರನೇ ಹೌಸ್‌ಫುಲ್ಲು. ಮಧ್ಯಾಹ್ನದ ಸೆಕೆಗೆ ಉಸಿರೇ ಒದ್ದೆಯಾಗುವಂತಿತ್ತು. ಆರನೇ ಗೇಟಿನ ಯಂತ್ರಗಳು ಕೆಟ್ಟು, ಮುಕ್ಕಾಲು ಗಂಟೆ ಜನರನ್ನು ಹಾಗೆಯೇ ಒಳಗೆ ಬಿಟ್ಟರಂತೆ. ಲಿಯೋನಾ ಎಂದಿನಂತೆ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಆಕಾಶ ನೋಡಿದ್ಯಾ ವರ್ನ್?"

"ಲಿಫ್ಟಲ್ಲಿ ಕಿಟಕಿ ಇಲ್ವಲ್ಲ ಮಾರಾಯ್ತಿ."

"ಹಸಿರಾಗಿದೆ. ಆವತ್ತು ಸುಂಟರಗಾಳಿ ಬಂದಾಗಲೂ ಹೀಗೇ ಇತ್ತು. ಆರ್ಲನ್ ಪೂರ್ವದ ಸ್ಟ್ಯಾಂಡಲ್ಲಿ ಅರವತ್ತನಾಲ್ಕನೇ ಸಾಲಲ್ಲಿ ಕೂತಿದಾನೆ. ಆ ಸೊಂಟ ಇಟ್ಕೊಂಡು ಇಳಿಯೋಕೇ ಅವನಿಗೆ ಕಾಲು ಗಂಟೆ ಬೇಕು."

ಆರ್ಲನ್ ಅವಳ ಗಂಡ. ವಸಂತದಲ್ಲಿ ಸೊಂಟದ ಕೀಲು ಬದಲಿಸಿಕೊಂಡು ಕೋಲು ಹಿಡಿದಿದ್ದ. ಮೇಲಿನ ಸಾಲು ಬಿಡು ಎಂದರೂ ಬಿಡದ ಮೊಂಡ.

ಆರನೇ ಮಹಡಿಯ ಬಾಗಿಲು ತೆರೆದಾಗ ಪತ್ರಿಕೆಯವರೆಲ್ಲ ಎದ್ದು ಗಾಜಿಗೆ ಮೂಗು ಒತ್ತಿಕೊಂಡಿದ್ದರು. ಆಟ ನಿಂತಿತ್ತು. ನೈಋತ್ಯ ದಿಕ್ಕು ಕಪ್ಪಗಾಗಿತ್ತು. ಅಗ್ನಿಶಾಮಕ ದಳದ ಕ್ಯಾಪ್ಟನ್ ಒರ್ಟೆಗಾ ದಪ್ಪ ಪುಸ್ತಕವೊಂದನ್ನು ಬಿಚ್ಚಿ ಮೈಕಿನ ಪಕ್ಕ ನಿಂತಿದ್ದ. ಸುಂಟರಗಾಳಿ ನೆಲ ಮುಟ್ಟಿದೆ, ನಮ್ಮ ಕಡೆಗೇ ಬರುತ್ತಿದೆ, ಹೆಚ್ಚೆಂದರೆ ಅರ್ಧ ಗಂಟೆ.

"ಇವತ್ತು ಎಷ್ಟು ಜನ?" ಎಂದು ಕೇಳಿದ.

ಟೀಡೆಮನ್ ಹಿಂದೆ ತಿರುಗಿ ನೋಡಿದ. ಏಳೆಂಟು ಪತ್ರಿಕೆಯವರು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. "ಐವತ್ತೆರಡು ಸಾವಿರ. ಫುಲ್."

"ಅಷ್ಟು ಕಾಣಿಸ್ತಿಲ್ವಲ್ಲ?"

"ಅರ್ಧ ಜನ ಕೆಳಗೆ ತಿಂಡಿ ಸಾಲಲ್ಲಿದಾರೆ."

ಕ್ಯಾಪ್ಟನ್ ಪುಟ ತಿರುವಿದ. "ಹಾಗಾದ್ರೆ ಎಲ್ಲರಿಗೂ ಸೂರು ಸಾಲಲ್ಲ. ಸ್ಟ್ಯಾಂಡಿನ ಕೆಳಗಿನ ಓಣಿ, ಪಕ್ಕದ ಬ್ಯಾಸ್ಕೆಟ್‌ಬಾಲ್ ಹಾಲು, ಎರಡೂ ಸೇರಿದ್ರೆ ಮೂವತ್ತಮೂರು ಸಾವಿರ. ಪೂರ್ವದ ಸ್ಟ್ಯಾಂಡಿನೋರನ್ನ ರೈಲುಹಳಿ ಆಚೆ ಅವರವರ ಕಾರಿಗೆ ಕಳಿಸಬೇಕು. ಪುಸ್ತಕದಲ್ಲಿ ಹಾಗೇ ಇದೆ."

ಸುಂಟರಗಾಳಿ ಕಾರನ್ನು ಆಟಿಕೆಯಂತೆ ಎತ್ತಿ ಎಸೆಯುತ್ತದೆಂದು ಕಾನ್ಸಾಸ್‌ನಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಅಂಕಿ ಸುಳ್ಳೆಂದು ನನಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದಿಂದ ಗೊತ್ತಿತ್ತು. ಆದರೂ ಲಿಫ್ಟಿನ ಬಾಗಿಲು ಹಿಡಿದು ನಿಂತ ನಾನು ಬಾಯಿ ಬಿಡಲಿಲ್ಲ. ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾಪ್ಟನ್ ಮೈಕಿಗೆ ಕೈ ಹಾಕಿದ.

"ಅಲ್ಲ," ಎಂದಳು ಲಿಯೋನಾ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ಅಲ್ಲ, ಅಷ್ಟು ಜನ ಇಲ್ಲ." ಜೇಬಿನಿಂದ ಹಳದಿ ಚೀಟಿ ತೆಗೆದಳು. ಬೆವರಿಗೆ ಅದು ಬೆರಳಿಗೇ ಅಂಟಿಕೊಂಡಿತ್ತು. "ಮೂವತ್ತು ಸಾವಿರದ ಒಂಬೈನೂರು."

ಟೀಡೆಮನ್ನನ ಕಿವಿ ಕೆಂಪಾಯಿತು. "ಲಿಯೋನಾ, ಬಾಯ್ಮುಚ್ಕೊಂಡು ಕೆಳಗೆ ಹೋಗು."

ಕ್ಯಾಪ್ಟನ್ ಅವನ ಕಡೆ ನೋಡಲೇ ಇಲ್ಲ. "ಇದು ಖಚಿತನಾ ಅಮ್ಮಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬೇರೆ ಯಾರಾದರೂ ಹೌದು ಎನ್ನುತ್ತಿದ್ದರು.

"ಖಚಿತ ಇಲ್ಲ," ಎಂದಳು. "ಆರನೇ ಗೇಟಲ್ಲಿ ಮಷೀನು ಕೆಟ್ಟಿತ್ತು, ಅಲ್ಲಿ ಸಾವಿರ ಜನ ಇರಬಹುದು. ಬ್ಯಾಂಡಿನೋರು, ಮಾರೋರು, ಪೊಲೀಸರು, ಕಂಕುಳಲ್ಲಿರೋ ಕೂಸುಗಳು, ಇವರ್ಯಾರೂ ಇದರಲ್ಲಿಲ್ಲ. ಎಲ್ಲಾ ಸೇರಿದ್ರೆ ಮೂವತ್ತಮೂರು."

"ಮೂವತ್ತಮೂರೇ ಹಿಡಿಸೋದು ನನ್ನ ಹತ್ರ. ನಿಮ್ಮ ಲೆಕ್ಕ ತಪ್ಪಿದ್ರೆ ಕೊನೇಲಿ ಬಂದೋರು ಬಾಗಿಲಾಚೆ ಉಳೀತಾರೆ. ಆಮೇಲೆ ಅವರಿಗೆ ಓಡೋಕೂ ಹೊತ್ತಿರಲ್ಲ."

ಕೊನೆಯಲ್ಲಿ ಬರುವವರು ಯಾರೆಂದು ಅವಳಿಗೆ ಗೊತ್ತಿತ್ತು. ಗಾಜಿನಾಚೆ ಪೂರ್ವದ ಸ್ಟ್ಯಾಂಡನ್ನೇ ನೋಡುತ್ತ ನಿಂತಳು.

"ಎಲ್ರನ್ನೂ ಒಳಗೇ ಕರೀರಿ," ಎಂದಳು.

ಕ್ಯಾಪ್ಟನ್ ಮೈಕಿನಲ್ಲಿ ಹಾಗೆಯೇ ಕೂಗಿ ಹೇಳಿದ. ಲಿಫ್ಟಿಗೆ ಬೀಗ ಹಾಕಿ ಮೆಟ್ಟಿಲು ಇಳಿದೆವು. ಅವಳು ನೇರ ಬ್ಯಾಸ್ಕೆಟ್‌ಬಾಲ್ ಹಾಲಿನ ಬಾಗಿಲಿಗೆ ಓಡಿದಳು. ಓಣಿಗಳು ಆಗಲೇ ತುಂಬಿದ್ದವು, ಪೂರ್ವದವರೆಲ್ಲ ಹಾಲಿಗೇ ಬರಬೇಕಿತ್ತು. ಬಾಗಿಲ ಪಕ್ಕ ನಿಂತು ಒಳಗೆ ಹೋಗುವ ಒಬ್ಬೊಬ್ಬರನ್ನೂ ಎಣಿಸತೊಡಗಿದಳು. ತುಟಿ ಮಾತ್ರ ಆಡುತ್ತಿತ್ತು. ಹೊರಗೆ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಅದು ನಿಂತದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು. ಆಮೇಲೆ ತಗಡಿನ ಮೇಲೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು.

"ಮುಗೀತು," ಎಂದು ಒಳಗಿನಿಂದ ಕಾವಲಿನವನೊಬ್ಬ ಕೂಗಿದ. "ಇನ್ನು ಒಬ್ಬರೂ ಹಿಡಿಸಲ್ಲ!"

ಹೊರಗಿನ ಇಳಿಜಾರಿನಲ್ಲಿ ಇನ್ನೂ ಮುನ್ನೂರು ನಾನೂರು ಜನರಿದ್ದರು. ಮುದುಕರು, ಕೂಸು ಹೊತ್ತವರು. ಎಲ್ಲರ ಹಿಂದೆ, ಕೋಲಿನ ಮೇಲೆ ಭಾರ ಹಾಕುತ್ತ, ಆರ್ಲನ್. ರೈಲುಹಳಿಯಾಚೆ ಆಕಾಶದಿಂದ ನೆಲಕ್ಕೆ ಏನೋ ಇಳಿಬಿದ್ದಿತ್ತು. ಅದರತ್ತ ನಾನು ಎರಡನೇ ಸಲ ನೋಡಲಿಲ್ಲ.

ಲಿಯೋನಾ ಜನರ ನಡುವೆ ಮೊಣಕೈ ತೂರಿಸಿಕೊಂಡು ಒಳಗೆ ನುಗ್ಗಿದಳು. ನಾನೂ ಹಿಂದೆಯೇ ಹೋದೆ. ಅಲ್ಲಿ ಕಂಡದ್ದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟೂ ನಗುವೂ ಒಟ್ಟಿಗೇ ಬರುತ್ತವೆ. ಕುರ್ಚಿಸಾಲು, ಮೆಟ್ಟಿಲು, ಗೋಡೆಯಂಚು ಎಲ್ಲ ಕಡೆ ಜನ ಒಬ್ಬರ ಮೇಲೊಬ್ಬರು ಒತ್ತಿಕೊಂಡಿದ್ದಾರೆ. ನಡುವೆ ಆಟದ ಮರದ ನೆಲ ಫಳಫಳ ಹೊಳೆಯುತ್ತ ಖಾಲಿ ಬಿದ್ದಿದೆ! ಸುತ್ತ ಒಂದು ಹಗ್ಗ. ಶೂ ಹಾಕಿಕೊಂಡು ಆ ನೆಲ ತುಳಿಯಬಾರದು, ನಡುವಿನ ಕಾಲೇಜು ಲಾಂಛನವನ್ನಂತೂ ಯಾರೂ ಮೆಟ್ಟಬಾರದು ಎಂದು ನಮ್ಮೂರಿನ ಮಕ್ಕಳಿಗೆ ತೊಟ್ಟಿಲಲ್ಲೇ ಹೇಳಿರುತ್ತಾರೆ. ಸಾವು ಬಾಗಿಲಿಗೆ ಬಂದಿದ್ದರೂ ಹದಿಮೂರು ಸಾವಿರ ಜನ ಹಗ್ಗ ದಾಟಿರಲಿಲ್ಲ.

ಲಿಯೋನಾ ಹಗ್ಗ ಎತ್ತಿದಳು. ಕೆಸರು ಮೆತ್ತಿದ ಶೂನಲ್ಲೇ ನಡೆದುಹೋಗಿ ಲಾಂಛನದ ಮೇಲೆ ನಿಂತಳು.

"ಬನ್ರೋ!" ಎಂದು ಕಿರುಚಿದಳು. ಅವಳಿಗೆ ಅಂಥ ಗಂಟಲಿದೆ ಎಂದು ನನಗೆ ಗೊತ್ತಿರಲಿಲ್ಲ. "ಏನ್ ನೋಡ್ತಾ ನಿಂತಿದೀರಿ? ನೆಲ ಒರೆಸಿದ್ರಾಯ್ತು! ಹೊರಗೆ ಜನ ಇದಾರೆ, ಇಳೀರಿ ಇಲ್ಲಿಗೆ!"

ಮೊದಲು ಒಬ್ಬ ಮುದುಕಿ ಇಳಿದಳು, ಪಾಪ, ಆ ಗಡಿಬಿಡಿಯಲ್ಲೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು. ಆಮೇಲೆ ಎಲ್ಲರೂ ಇಳಿದರು. ಬಾಗಿಲ ಬಳಿ ಜಾಗ ಬಿಟ್ಟುಕೊಂಡಿತು. ಹೊರಗಿನವರು ಒಬ್ಬೊಬ್ಬರಾಗಿ ಒಳಬಂದರು. ಕಟ್ಟಕಡೆಗೆ ಆರ್ಲನ್ನನ ಕೋಲು ಬಂತು, ಅದರ ಹಿಂದೆ ಆರ್ಲನ್ ಬಂದ. ಬಾಗಿಲು ಮುಚ್ಚಿದರು.

ಆ ಸದ್ದಿನ ಬಗ್ಗೆ ಏನೂ ಬರೆಯಲಾರೆ. ಛಾವಣಿ ಉಸಿರೆಳೆದುಕೊಂಡಂತಾಯಿತು. ದೀಪ ಹೋಯಿತು. ಭಯ ತಾಳಲಾರದೆ ನಾನು ಎಂದಿನಂತೆ ನಾಲಗೆ ಸಡಿಲಬಿಟ್ಟೆ. "ಲಿಯೋನಾ, ಇದು ಕಣೆ ನಮ್ಮೂರಿನ ಮೊದಲನೇ ಹೌಸ್‌ಫುಲ್ಲು."

"ಸುಮ್ನಿರು ವರ್ನ್," ಎಂದಿತು ಕತ್ತಲಲ್ಲಿ ಅವಳ ದನಿ. "ಎಣಿಸ್ತಿದೀನಿ."

ಬಾಗಿಲು ತೆರೆದಾಗ ರೈಲುಹಳಿಯಾಚೆಯ ಬಯಲಿನಲ್ಲಿ ಕಾರುಗಳು ಒಂದರ ಮೇಲೊಂದು ಬಿದ್ದಿದ್ದವು, ಕೆಲವು ಹಳಿಯ ಬೇಲಿಗೆ ನೇತುಬಿದ್ದಿದ್ದವು. ಅವುಗಳಲ್ಲಿ ಒಬ್ಬರೂ ಇರಲಿಲ್ಲ. ಆರ್ಲನ್ ತನ್ನ ಟ್ರಕ್ಕನ್ನು ಹುಡುಕಿ, ಚಕ್ರ ಮೇಲಾಗಿ ಬಿದ್ದಿದ್ದ ಅದರ ಮುಂದೆ ಬಹಳ ಹೊತ್ತು ಕೋಲೂರಿ ನಿಂತಿದ್ದ. ಲಿಯೋನಾ ಅವನ ತೋಳು ಬಿಡಲೇ ಇಲ್ಲ.

ಮರುದಿನ ಪತ್ರಿಕೆಯಲ್ಲಿ ಹಳದಿ ಚೀಟಿಯ ಅಂಕಿ ಬಂತು. ಊರಿನವರು ಜೀವ ಉಳಿದದ್ದಕ್ಕೆ ಚರ್ಚಿನಲ್ಲಿ ಮಂಡಿಯೂರಿದರು. ಆಮೇಲೆ ಅದೇ ಚರ್ಚಿನ ಊಟದಲ್ಲಿ ಲಿಯೋನಾ ತಂದಿದ್ದ, ಎಲೆಕೋಸು, ಮಾಂಸ ತುಂಬಿ ಸುಟ್ಟ ಬೀರಾಕ್ ಬನ್ನುಗಳನ್ನು ಒಬ್ಬರೂ ಮುಟ್ಟಲಿಲ್ಲ. ನಾನು ನಾಲ್ಕು ತಿಂದೆ. ಮಿಕ್ಕದ್ದೆಲ್ಲ ತಟ್ಟೆಯ ಸಮೇತ ಅವಳ ಮನೆಗೆ ಹೋಯಿತು. ಕಾಲೇಜಿನವರು ಸಭೆ ಸೇರಿ, ಮಾರಾಟವಾದ ಟಿಕೆಟ್ಟೇ ಲೆಕ್ಕ, ಆದ್ದರಿಂದ ಅದು ನೂರ ತೊಂಬತ್ತಾರನೇ ಹೌಸ್‌ಫುಲ್ ಹೌದು ಎಂದು ತೀರ್ಮಾನಿಸಿದರು. ಟ್ಯಾಂಕಿನ ಮೇಲೆ ಹೊಸ ಬಣ್ಣವೂ ಬಿತ್ತು.

ಎರಡು ವಾರ ಬಿಟ್ಟು ಮುಂದಿನ ಆಟ. ಅರ್ಧ ಮುಗಿದ ಮೇಲೆ ಲಿಯೋನಾ ಬಂದಳು. ಇವಳನ್ನು ತೆಗೆದುಹಾಕಿದರೆ ಪತ್ರಿಕೆಯವರು ಮತ್ತೆ ಮೂಗು ತೂರಿಸುತ್ತಾರೆಂದು ಟೀಡೆಮನ್ ಹಲ್ಲು ಕಚ್ಚಿ ಇಟ್ಟುಕೊಂಡಿದ್ದ. ಅವನು ತುಂಬಿಕೊಟ್ಟಿದ್ದ ಬಿಳಿ ಚೀಟಿ ಹರಿದು ಅವಳ ಜೇಬಿನಲ್ಲಿತ್ತು. ಕೈಯಲ್ಲಿದ್ದದ್ದು ಅವಳೇ ಬರೆದ ಇನ್ನೊಂದು. ಇಪ್ಪತ್ತೊಂಬತ್ತು ಸಾವಿರದ ನಾನೂರ ಹನ್ನೆರಡು. ಚೀಟಿ ಗಡಗಡ ನಡುಗುತ್ತಿತ್ತು.

"ಟೀಡೆಮನ್ನಿಗೆ ಇನ್ನೂ ಹೆದರ್ತೀಯೇನೆ?" ಎಂದೆ.

"ಅವನಿಗೆ ಯಾರು ಹೆದರ್ತಾರೆ? ಗೇಟು ಗೇಟಿಗೆ ಹೋಗಿ ಬಂದೆ. ಬ್ಯಾಂಡಿನೋರನ್ನ ಎಣಿಸಿದೆ, ಕೂಸುಗಳನ್ನ ಎಣಿಸಿದೆ. ಆದ್ರೂ ಎಲ್ಲೋ ಒಬ್ಬರನ್ನ ಬಿಟ್ಟಿದೀನಿ ಅಂತ ಅನಿಸ್ತಾನೇ ಇದೆ ವರ್ನ್."

ಅವಳನ್ನು ನಗಿಸೋಣವೆಂದೇ ಕೇಳಿದೆ. "ಲಿಫ್ಟಿನೋನನ್ನ ಸೇರಿಸಿದೀಯಾ?"

ಅವಳು ನನ್ನ ಮುಖ ನೋಡಿದಳು. ಕಣ್ಣು ತುಂಬಿ ಬಂತು. ಚೀಟಿಯನ್ನು ಲಿಫ್ಟಿನ ಗೋಡೆಗೆ ಒತ್ತಿ ಹಿಡಿದು, ಹನ್ನೆರಡನ್ನು ಹೊಡೆದುಹಾಕಿ ಹದಿಮೂರು ಎಂದು ಬರೆದಳು.

ನಾನು ಆರನೇ ಮಹಡಿಯ ಗುಂಡಿ ಒತ್ತಿದೆ.