ಬೇಲಿ ದಾಟಿದ ಸೀತಾಫಲ

ನನ್ನ ಎಡಗಿವಿ ಹುಟ್ಟಿದಾಗಿನಿಂದ ಸೋರುತ್ತದೆ. ಹತ್ತಿ ತುರುಕಿಕೊಂಡೇ ಬೆಳೆದವಳು ನಾನು. ಯಾರಾದರೂ ಯಾಕೆಂದು ಕೇಳಿದರೆ ನಮ್ಮ ಮನೆಯಲ್ಲಿ ಒಂದೇ ಉತ್ತರ: ಅವ್ವ ನನ್ನನ್ನು ಹೊತ್ತಿದ್ದಾಗ ಏನೋ ಒಂದು ಬಯಕೆ ತೀರಲಿಲ್ಲ, ಅದಕ್ಕೇ ಕೂಸಿನ ಕಿವಿ ಹೀಗಾಯಿತು. ಏನು ಬಯಕೆ ಎಂದು ನಾನು ಕಾಡಿದರೆ ಅವ್ವ, “ಹೋಗ ಅತ್ಲಾಗ, ಯಾರಿಗೆ ನೆನಪೈತಿ” ಎಂದು ಒಲೆಯ ಕಡೆ ತಿರುಗುತ್ತಿದ್ದಳು. ನನ್ನ ಇಬ್ಬರು ಅಣ್ಣಂದಿರು ಯಾವ ಹಬ್ಬದಲ್ಲಿ ಯಾವ ಮಡಕೆ ಒಡೆದರು ಎಂಬುದನ್ನು ಬೆರಳು ಮಡಚಿ ಹೇಳುವ ಹೆಂಗಸಿಗೆ ಇದೊಂದು ಮಾತ್ರ ನೆನಪಿರಲಿಲ್ಲವಂತೆ!

ನನಗೆ ಒಂಬತ್ತು ವರ್ಷವಿದ್ದಾಗ ಅಕ್ಕ ಚೊಚ್ಚಲ ಹೆರಿಗೆಗೆಂದು ಕೊಪ್ಪಳಕ್ಕೆ, ನಮ್ಮ ಮನೆಗೆ ಬಂದಳು. ಏಳು ತಿಂಗಳು ತುಂಬಿತ್ತು. ದೂರದಲ್ಲೆಲ್ಲೋ ಯುದ್ಧ ನಡೆದಿತ್ತು, ಊರಿನಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಅಕ್ಕನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಸೀತಾಫಲ.

“ನಮ್ಮ ತ್ವಾಟದ ಹಣ್ಣ ಆಗಬೇಕು,” ಎಂದು ನನ್ನ ಸರಿಯಿದ್ದ ಕಿವಿಯಲ್ಲಿ ಪಿಸುಗುಟ್ಟಿದಳು. “ಅವ್ವಗ ಹೇಳಬ್ಯಾಡ. ಥಂಡಿ ಹಣ್ಣು ಬಸುರಿಗೆ ಆಗಿ ಬರೂದಿಲ್ಲ ಅಂತಾಳ. ಅಜ್ಜಗಂತೂ ಉಸಿರು ಬಿಡಬ್ಯಾಡ. ನನ್ನ ಹೊಟ್ಟಿ ಮುಟ್ಟಿ ಆಣಿ ಮಾಡು.”

ಹೊಟ್ಟೆ ಮುಟ್ಟಿದೆ. ಒಳಗಿದ್ದ ಕೂಸು ನನ್ನ ಅಂಗೈಗೆ ಒಂದು ಒದೆ ಕೊಟ್ಟಿತು. ಅಯ್ಯೋ ಪಾಪ, ಇದೂ ನನ್ನ ಹಾಗೆ ಕಿವಿಗೆ ಹತ್ತಿ ಇಟ್ಟುಕೊಂಡು, ಶಾಲೆಯಲ್ಲಿ ‘ಸೋರೋ ಗಡಿಗಿ’ ಅನ್ನಿಸಿಕೊಳ್ಳಬೇಕೇ? ನಾನಿರುವ ತನಕ ಅದು ಆಗುವುದಿಲ್ಲ ಎಂದು ಅಲ್ಲೇ ನಿರ್ಧರಿಸಿಬಿಟ್ಟೆ.

ಸ್ವಂತ ತೋಟದ ಒಂದು ಹಣ್ಣಿಗೆ ಇಷ್ಟೆಲ್ಲ ಯಾಕೆ ಅನ್ನುತ್ತೀರಿ. ಅದಕ್ಕೆ ಕಾರಣ ನಮ್ಮ ಅಜ್ಜ. ಹಿಟ್ನಾಳದ ಹತ್ತಿರ ನಮ್ಮದೊಂದು ತೋಟವಿತ್ತು, ಅರ್ಧ ಪೇರಲ, ಅರ್ಧ ಸೀತಾಫಲ. ಹಣ್ಣಿನ ಕಾಲಕ್ಕೆ ಅಜ್ಜ ಅದನ್ನು ಹಣ್ಣು ಮಾರುವ ಒಂದು ಬಾಗವಾನರ ಕುಟುಂಬಕ್ಕೆ ಗುತ್ತಿಗೆ ಕೊಡುತ್ತಿದ್ದ. ಅವರು ಗುಡಿಸಲು ಹಾಕಿಕೊಂಡು ತೋಟದಲ್ಲೇ ಇರುತ್ತಿದ್ದರು. ಕಾಗದ ಪತ್ರ ಏನೂ ಇರಲಿಲ್ಲ, ಬಾಯಿಮಾತು ಮಾತ್ರ: ಮನೆಯವರು ತೋಟದೊಳಗೆ ಹೊಟ್ಟೆ ಬಿರಿಯುವಷ್ಟು ತಿನ್ನಬಹುದು, ಒಂದು ಹಣ್ಣೂ ಬೇಲಿ ದಾಟಬಾರದು.

ಈ ಮಾತನ್ನು ಅಜ್ಜ ಎಷ್ಟು ಕಟ್ಟುನಿಟ್ಟಾಗಿ ನಡೆಸುತ್ತಿದ್ದನೆಂದರೆ, ಒಂದು ವರ್ಷ ಅವನದೇ ಕೋಟಿನ ಜೇಬಿನಲ್ಲಿ ಮರೆತು ಒಂದು ಪೇರಲಹಣ್ಣು ಉಳಿದಿತ್ತು. ಅರ್ಧ ದಾರಿಗೆ ಬಂದ ಮೇಲೆ ಕೈಗೆ ಸಿಕ್ಕಿತು. ಪುಣ್ಯಾತ್ಮ ಬಂಡಿ ತಿರುಗಿಸಿ, ನಮ್ಮನ್ನೆಲ್ಲ ಹಸಿದ ಹೊಟ್ಟೆಯಲ್ಲಿ ಮತ್ತೆ ತೋಟಕ್ಕೆ ಒಯ್ದು, ಬೇಲಿಯ ಒಳಗೆ ನಿಂತು ಆ ಹಣ್ಣನ್ನು ತಿಂದು, ಬಾಯಿ ತೊಳೆದುಕೊಂಡು ಮತ್ತೆ ಬಂಡಿ ಹತ್ತಿದ. ಇಂಥವನ ಮುಂದೆ ಬಸುರಿಯ ಬಯಕೆ ಎಂದರೆ, “ತ್ವಾಟಕ್ಕ ಬಂದು ತಿನ್ನಲಿ” ಅನ್ನುತ್ತಿದ್ದ. ಏಳು ತಿಂಗಳ ಬಸುರಿಯನ್ನು ಬಂಡಿ ಹತ್ತಿಸುವುದಕ್ಕೆ ಅವ್ವ ಬಿಡುತ್ತಿರಲಿಲ್ಲ.

ಶೀಗಿ ಹುಣ್ಣಿಮೆಯ ಮರುದಿನ ನಾವು ವರ್ಷಕ್ಕೊಮ್ಮೆ ತೋಟಕ್ಕೆ ಹೋಗುವ ವಾಡಿಕೆ. ಆ ಸಲ ಅಪ್ಪ ಕುಕನೂರಿನ ಸಂತೆಗೆ ಹೋಗಿದ್ದ. ಅಕ್ಕನ ಜೊತೆಗೆ ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿ, ಅಜ್ಜ, ಅವ್ವ, ಅಣ್ಣಂದಿರು ಮತ್ತು ನಾನು ನಸುಕಿನಲ್ಲೇ ಬಂಡಿ ಹೂಡಿಕೊಂಡು ಹೊರಟೆವು. ಸಜ್ಜೆರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆಯ ಬುತ್ತಿ ಅವ್ವನ ಮಡಿಲಲ್ಲಿ. ನನ್ನ ಪರಕಾರದ ಒಳಗೆ, ಸೊಂಟಕ್ಕೆ, ಅಕ್ಕ ತನ್ನ ಹಳೆಯ ಕುಪ್ಪಸ ಹರಿದು ಹೊಲಿದುಕೊಟ್ಟ ಒಂದು ಗುಟ್ಟಿನ ಚೀಲ. ಬಂಡಿಯ ಗಾಲಿ ಕಲ್ಲು ಹತ್ತಿ ಇಳಿದಾಗಲೆಲ್ಲ ನನ್ನ ಎದೆಯೂ ಹತ್ತಿ ಇಳಿಯುತ್ತಿತ್ತು.

ತೋಟದಲ್ಲಿ ನಮ್ಮನ್ನು ಮೊದಲು ಎದುರುಗೊಳ್ಳುವವಳು ಬಾಗವಾನನ ತಾಯಿ, ಬೊಚ್ಚುಬಾಯಿಯ ಮುದುಕಿ. ನಾವು ಮಕ್ಕಳು ಅವಳನ್ನು ನಾನಿ ಅನ್ನುತ್ತಿದ್ದೆವು. ಹುಲ್ಲಿನಲ್ಲಿ ಹುಗಿದಿಟ್ಟು ಮಾಗಿಸಿದ ಸೀತಾಫಲಗಳನ್ನು ತೆಗೆದು, “ಬರ್ರಿ ಬರ್ರಿ, ತಿನ್ರಿ. ಹೊಟ್ಟಿ ಒಡದ್ರ ನಾ ಹೊಲಿತೀನಿ,” ಎಂದಳು. ನಾವೇನು ಕಡಿಮೆ! ಅಣ್ಣಂದಿರು ಪೇರಲಮರದ ಮೇಲೆ ಮಂಗಗಳೇ ಆದರು. ನಾನು ಏಳು ಸೀತಾಫಲ ತಿಂದೆ. ಒಂದೊಂದು ತಿಂದಾಗಲೂ ಅಕ್ಕನ ಮುಖ ನೆನಪಾಗುತ್ತಿತ್ತು. ಹಾಗಂತ ತಿನ್ನುವುದನ್ನು ನಿಲ್ಲಿಸಿದೆನೇ? ಸುಳ್ಳು ಯಾಕೆ ಹೇಳಲಿ, ಇಲ್ಲ.

ಮಾಗಿದ್ದೊಂದನ್ನು ಮೊದಲು ಚೀಲಕ್ಕೆ ಸೇರಿಸಿದೆ. ಊಟಕ್ಕೆ ಕುಳಿತಾಗ ಅದು ಪಚಕ್ಕನೆ ಒಡೆದು ಪರಕಾರವೆಲ್ಲ ಅಂಟಂಟಾಯಿತು. ಸ್ವಲ್ಪ ಹೊತ್ತಿಗೆ ಇರುವೆಗಳು ಬಂದವು. ಹೋಳಿಗೆ ಬಾಯಲ್ಲಿಟ್ಟುಕೊಂಡು ನಾನು ಕುಣಿದಾಡುವುದನ್ನು ಕಂಡು ದೊಡ್ಡಣ್ಣ, “ಇಕಿ ಮೈಯಾಗ ಏನೋ ಬಂದೈತಿ, ಬೇವಿನ ತಪ್ಲ ತರ್ರಿ!” ಎಂದು ಕೂಗಿದ. ಬಾವಿಯ ಹತ್ತಿರ ಹೋಗಿ ಎಲ್ಲ ತೊಳೆದುಕೊಂಡು ಬಂದೆ. ಮಾಗಿದ್ದರ ಸಹವಾಸ ಬೇಡ, ಗಟ್ಟಿಯಾದದ್ದನ್ನೇ ಕೀಳಬೇಕು, ಮನೆಯಲ್ಲಿ ಮಾಗಲಿ ಎಂದುಕೊಂಡು, ಹಿಂದಿನ ಸಾಲಿನ ಗಿಡದಿಂದ ಕಣ್ಣಿಗೆ ದೊಡ್ಡದಾಗಿ ಕಂಡ ಮೂರನ್ನು ಕಿತ್ತು ಚೀಲಕ್ಕೆ ತುಂಬಿ ಬಿಗಿದೆ. ನಾನಿ ಗುಡಿಸಲ ಬಾಗಿಲಲ್ಲಿ ಕೂತು ನನ್ನ ಕಡೆಯೇ ನೋಡುತ್ತಿದ್ದಳು. ಮುದುಕಿಗೆ ಅಷ್ಟು ದೂರದ್ದು ಏನು ಕಾಣುತ್ತದೆ ಎಂದುಕೊಂಡೆ.

ಹೊತ್ತು ಇಳಿದಾಗ ಹೊರಟೆವು. ಬೇಲಿಯ ಬಾಗಿಲಲ್ಲಿ ಪ್ರತಿ ವರ್ಷ ಅಜ್ಜನ ಝಡತಿ, ಅಂದರೆ ತಪಾಸಣೆ, ನಡೆಯುತ್ತಿತ್ತು. ಮೈ ಮುಟ್ಟಿ ಹುಡುಕುವುದು ಅವನಿಗೆ ಸೇರದು. ಮಕ್ಕಳೆಲ್ಲ ಸಾಲಾಗಿ ನಿಂತು ಮೂರು ಸಲ ಎತ್ತರಕ್ಕೆ ಜಿಗಿಯಬೇಕು, ಅಷ್ಟೇ. ಅಣ್ಣಂದಿರು ಕೇಕೆ ಹಾಕುತ್ತ ಜಿಗಿದರು. ನನ್ನ ಸರದಿ ಬಂತು. ಕಾಲು ನೋವು ಎಂದೆ.

“ಈಗರ ಕುಣದಾಡಾಕತ್ತಿದ್ದೆಲ್ಲ?” ಎಂದ ಅಜ್ಜ. “ಹಾರು.”

ಒಂದು ಸಲ ಹಾರಿದೆ, ಏನೂ ಆಗಲಿಲ್ಲ. ಎರಡನೆಯ ಸಲಕ್ಕೆ ದಾರ ಹರಿಯಿತು. ಮೂರು ಸೀತಾಫಲ ದಡದಡನೆ ಬಿದ್ದು, ಒಂದು ಉರುಳಿಕೊಂಡು ಹೋಗಿ ಅಜ್ಜನ ಚಪ್ಪಲಿಗೆ ತಾಗಿ ನಿಂತಿತು.

ಅಜ್ಜನ ಮೀಸೆ ನಡುಗಿತು. “ನಮ್ಮ ಮನ್ಯಾಗ ಕಳ್ಳಿ ಹುಟ್ಯಾಳ! ಯಾರ ಸಲುವಾಗಿ ಕದ್ದಿ? ಬಾಯಿ ಬಿಡು.”

ನಾನು ಬಿಡಲಿಲ್ಲ. ಕೂಸಿನ ಮೇಲೆ ಆಣೆ ಮಾಡಿದ್ದೆ. ಅವ್ವ ಭುಜ ಹಿಡಿದು ಅಲುಗಿಸಿದಳು, ಆಗಲೂ ಬಿಡಲಿಲ್ಲ. ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ನಮ್ಮದೇ ಮಣ್ಣು, ನಮ್ಮದೇ ಗಿಡ, ನಾನು ಕಳ್ಳಿಯೇ? ಗದ್ದ ಮೇಲೆತ್ತಿ ನಿಂತೆ. ಕಣ್ಣೀರು ಮಾತ್ರ ನನ್ನ ಮಾತು ಕೇಳದೆ ಇಳಿಯಿತು.

ಅಷ್ಟರಲ್ಲಿ ನಾನಿ ಕೋಲೂರಿಕೊಂಡು ಬಂದಳು. ಒಂದು ಹಣ್ಣನ್ನು ಎತ್ತಿ ಹೊರಳಿಸಿ ನೋಡಿ, “ತೋಬಾ ತೋಬಾ! ಕದಿಯಾಕೂ ಬರೂದಿಲ್ಲ ಈ ಹುಡುಗಿಗೆ,” ಎಂದು ನಕ್ಕಳು. “ಇದು ಇನ್ನಾ ಕಣ್ಣು ಬಿಟ್ಟಿಲ್ಲ. ಗೆರಿ ಬಿಳುಪಾಗಿ ಬಿಚ್ಚಿಕೊಂಡಿರಬೇಕು. ಇದನ್ನ ಒಯ್ದು ಇಟ್ರ ಕಲ್ಲಾಗತೈತಿ, ಹಣ್ಣಾಗೂದಿಲ್ಲ.” ಆಮೇಲೆ ಅಜ್ಜನ ಕಡೆ ತಿರುಗಿದಳು. “ಯಜಮಾನ್ರ, ಇಕಿ ಮುಂಜಾನಿಂದ ನನ್ನ ಮುಂದ ಕುಂತು ಏಳು ಹಣ್ಣು ತಿಂದಾಳ. ತನಗ ಬೇಕಾಗಿದ್ರ ಎಂಟನೇದ್ದನ್ನೂ ತಿಂತಿದ್ಲು, ಯಾರು ಬ್ಯಾಡಂತಿದ್ರು? ಇದು ಇಲ್ಲಿಗೆ ಬರಲಾರದೋರ ಸಲುವಾಗಿ ಐತಿ.”

ಅವಳು ಅವ್ವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು, “ಮನ್ಯಾಗ ಯಾರು ಅದಾರ ಮಗಳ?”

ಮಾವನ ಎದುರು ಅವ್ವ ಎಂದೂ ದನಿ ಎತ್ತಿದವಳಲ್ಲ. ಸೆರಗಿನ ಒಳಗಿಂದಲೇ, “ದೊಡ್ಡಾಕಿ ಬಂದಾಳ… ಏಳು ತಿಂಗಳು,” ಎಂದಳು.

ನಾನಿ ಗುಡಿಸಲೊಳಗೆ ಹೋಗಿ, ಕಣ್ಣು ಬಿಟ್ಟ ಐದು ಸೀತಾಫಲ ಮತ್ತು ಒಂದು ಹಿಡಿ ಜೋಳ ತಂದಳು. “ಉಡಿ ಒಡ್ಡು ಮಗಳ. ಬಸುರಿ ಇರೋ ಮನಿಗೆ ಬರಿ ಉಡೀಲೆ ಹೊಂಟೀಯಲ್ಲ?”

“ಮಾತು ಆಗೈತಲ್ಲ, ಹಣ್ಣು ಬೇಲಿ ದಾಟಬಾರದು ಅಂತ,” ಎಂದ ಅಜ್ಜ. ಆದರೆ ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

“ನೀವು ಒಯ್ಯಬಾರದು ಅಂತ ಆಗೈತ್ರಿ. ನಾ ಕೊಡಬಾರದು ಅಂತ ಆಗಿಲ್ಲ. ಉಡಿ ತುಂಬಾಕತ್ತೀನಿ. ಹೊಳ್ಳಿ ಕೊಡ್ತೀರೇನು?”

ತುಂಬಿದ ಉಡಿಯನ್ನು ಹಿಂದಿರುಗಿಸಿದ ಮನೆ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅಜ್ಜ ಎತ್ತುಗಳ ಕೊರಳಪಟ್ಟಿ ನೋಡುವ ನೆವ ಮಾಡಿಕೊಂಡು ಆ ಕಡೆ ಹೋದ. ಮುಂದಿನ ವರ್ಷ ಬೇಲಿಯ ಬಾಗಿಲಲ್ಲಿ ನಾವು ಜಿಗಿಯುವುದಕ್ಕೆ ಮೊದಲೇ ಅವನು ನಾನಿಯನ್ನು, “ಉಡಿ ತುಂಬೋದು ಆತೇನು?” ಎಂದು ಕೇಳಿದ್ದನ್ನು ನಾನು ಒಳ್ಳೆಯ ಕಿವಿಯಿಂದಲೇ ಕೇಳಿದ್ದೇನೆ.

ದಾರಿಯುದ್ದಕ್ಕೂ ಅವ್ವ ಆ ಹಣ್ಣುಗಳನ್ನು ಕೋಳಿಮರಿಗಳೇನೋ ಎಂಬಂತೆ ಸೆರಗಿನಲ್ಲಿ ಹಿಡಿದು ಕೂತಿದ್ದಳು. ಥಂಡಿ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಮನೆಗೆ ಬಂದವಳೇ ಜೋಳದ ಗಡಿಗೆಯಲ್ಲಿ ತಾನೇ ಹುಗಿದಿಟ್ಟಳು. ಮೂರನೆಯ ದಿನ ಮಧ್ಯಾಹ್ನ ಗಂಡಸರೆಲ್ಲ ಹೊರಗೆ ಹೋದ ಮೇಲೆ ಒಂದನ್ನು ತೆಗೆದು, ಬಿಚ್ಚಿ, ಅಕ್ಕನ ಕೈಗೆ ಕೊಟ್ಟಳು. ಅಕ್ಕ ಕಣ್ಣು ಮುಚ್ಚಿಕೊಂಡು ತಿಂದಳು. ಅವಳ ಮಗನ ಕಿವಿ ಮುಂದೆ ಒಂದು ದಿನವೂ ಸೋರಲಿಲ್ಲ, ಕರೆದರೆ ಮಾತ್ರ ಅವನಿಗೆ ಕೇಳುತ್ತಿರಲಿಲ್ಲ.

ಅವ್ವ ಎರಡನೆಯದನ್ನು ಬಿಚ್ಚಿದಳು. ಇಷ್ಟೆಲ್ಲ ಮಾನ ಕಳೆದುಕೊಂಡವಳು ನಾನು, ಇದು ನನ್ನದೇ ಎಂದು ಕೈ ಚಾಚಿದೆ. ಅವಳು ನನ್ನ ಕೈಯನ್ನು ನೋಡಲೇ ಇಲ್ಲ. ಗೋಡೆಗೆ ಒರಗಿ ಕೂತು ತಾನೇ ತಿನ್ನತೊಡಗಿದಳು, ನಿಧಾನವಾಗಿ, ಒಂದೊಂದೇ ಬೀಜವನ್ನು ಅಂಗೈಗೆ ಉಗುಳುತ್ತ.

“ಥಂಡಿ ಅಂತಿದ್ದೆಲ್ಲ ಅವ್ವಾ?” ಎಂದಳು ಅಕ್ಕ.

ಅವ್ವ ನನ್ನ ಕಿವಿಯ ಹತ್ತಿಯ ಕಡೆ ನೋಡಿದಳು. “ಇಕಿನ್ನ ಹೊತ್ತಾಗ ಹಿಂಗ ಏಳು ತಿಂಗಳಿತ್ತು. ಎಲ್ಲಾರೂ ತ್ವಾಟಕ್ಕ ಹೋದ್ರು. ನಾ ಮನ್ಯಾಗ ಕುಂತಿದ್ದೆ.”

“ಯಾರಿಗರ ಹೇಳಬೇಕಿಲ್ಲೇನು?” ಎಂದೆ ನಾನು, ಸಿಟ್ಟಿನಿಂದ.

“ಯಾರಿಗೆ ಹೇಳ್ಲಿ? ನಿನ್ನಂಥಾ ಕಳ್ಳಿ ಇನ್ನಾ ಹುಟ್ಟಿದ್ದಿಲ್ಲ,” ಎಂದು ನಕ್ಕಳು, ಕಣ್ಣು ತುಂಬಿಕೊಂಡು.

ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಜೋಳದೊಳಗೆ ಕೈ ಹಾಕಿ ಮೂರನೆಯ ಹಣ್ಣನ್ನು ಹುಡುಕಿ ತೆಗೆದು, ಅದನ್ನೂ ಅವಳ ಉಡಿಗೇ ಹಾಕಿದೆ.