ಮುನ್ನುಡಿಗೆ ತಕ್ಕ ಪುಸ್ತಕ

ಪುಸ್ತಕಕ್ಕೂ ಏಜೆಂಟರಿರುತ್ತಾರೆ ಎಂದು ನನಗೆ ಗೊತ್ತಾದದ್ದು ತೀರಾ ಈಚೆಗೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಹಾಗೊಂದು ವ್ಯವಸ್ಥೆ ಇದೆಯಂತೆ. ಒಂದು ಕಾಗದ ಬರೆದು, ಜೊತೆಗೆ ಮೂರು ಅಧ್ಯಾಯ ಇಟ್ಟು ಕಳಿಸಿದರೆ ಅವರು ಓದುತ್ತಾರಂತೆ, ಹಿಡಿಸಿದರೆ ಪ್ರಕಾಶಕರ ಹತ್ತಿರ ಮಾತಾಡುತ್ತಾರಂತೆ. ಓದುತ್ತಾರಂತೆ! ಅದನ್ನು ಕೇಳಿಯೇ ನನಗೆ ಹೊಟ್ಟೆ ಉರಿಯಿತು. ನಮ್ಮ ಹೆಗ್ಗದ್ದೆ ಕಡೆ ಏಜೆಂಟ್ ಅಂದರೆ ಕಾಫಿ ಕೊಳ್ಳುವವನು, ಇಲ್ಲವೇ ವಿಮೆ ಮಾಡಿಸುವವನು. ಕಾಫಿ ಏಜೆಂಟ್ ಕೂಡ ಮೂಟೆಗೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದು, ಮೂಸಿ, ಕಚ್ಚಿ ನೋಡಿದ ಮೇಲೆಯೇ ಬಾಯಿ ಬಿಡುವುದು. ನನ್ನ ಪುಸ್ತಕಕ್ಕೆ ಅಷ್ಟು ಮರ್ಯಾದೆಯೂ ಸಿಗಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾನು ಆಗ ಹೆಗ್ಗದ್ದೆಯ ಶಾಖಾ ಅಂಚೆ ಕಚೇರಿಯ ಪೋಸ್ಟ್ ಮಾಸ್ಟರ್. ಕಚೇರಿ ಅಂದರೆ ನಮ್ಮ ಮನೆಯ ಜಗುಲಿಯ ಒಂದು ಮೂಲೆ: ಮೇಜು, ತಕ್ಕಡಿ, ಮೊಹರು, ಬೀಗದ ಪೆಟ್ಟಿಗೆ. ಬೆಳಗಿನ ಹೊತ್ತು ಅಲ್ಲಿ ಕೂತರೆ ಮುಗಿಯಿತು. ಆಮೇಲೆ ನಾಲ್ಕು ಎಕರೆ ಕಾಫಿ ತೋಟ, ಮತ್ತೆ ಅತ್ತಿಗೆಯ ಬೈಗುಳ.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಅಣ್ಣ ಕಾಮಾಲೆಯಾಗಿ ತೀರಿಕೊಂಡಾಗ ಆಕೆಗೆ ಇಪ್ಪತ್ತನಾಲ್ಕು, ನನಗೆ ಹತ್ತು. ಅಪ್ಪ ಅವ್ವ ಅದಕ್ಕೂ ಮೊದಲೇ ಹೋಗಿದ್ದರು. ತೋಟ ನಮಗೆ ಬಿಟ್ಟು ಪಾಳ್ಯದ ತವರಿಗೆ ಹೋಗಿ ಸುಮ್ಮನೆ ಇದ್ದುಬಿಡು ಎಂದು ದಾಯಾದಿಗಳು ಹೇಳಿದರು. ಅತ್ತಿಗೆ ಹೋಗಲಿಲ್ಲ. ಕಾಫಿ ಗಿಡಕ್ಕೆ ಬಿಸಿಲು ಬೀಳಲಿ ಎಂದು ನೆರಳಿನ ಮರಗಳ ಕೊಂಬೆ ಕಡಿಯುವುದಕ್ಕೆ ನಾವು ಮರಗಸಿ ಅನ್ನುತ್ತೇವೆ. ಆ ವರ್ಷ ನಮ್ಮ ಮರಗಸಿಗೆ ಒಬ್ಬ ಆಳೂ ಬಾರದಂತೆ ಅವರು ನೋಡಿಕೊಂಡರು. ಅತ್ತಿಗೆ ಸೀರೆ ಎತ್ತಿ ಕಟ್ಟಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ತಾನೇ ಹಾಲುವಾಣದ ಮರ ಹತ್ತಿದಳು. ಗಂಡ ಸತ್ತು ವರ್ಷವಾಗದ ಹೆಂಗಸು ಮರ ಹತ್ತುವುದೇ ಊರಿಗೆ ದೊಡ್ಡ ಸುದ್ದಿ. ಅತ್ತಿಗೆ ಹತ್ತಿದ್ದಷ್ಟೇ ಅಲ್ಲ, ಮೇಲಿಂದ ದಾಯಾದಿಗಳ ಮೂರು ತಲೆಮಾರನ್ನೂ ಹೆಸರು ಹಿಡಿದು ಬೈದಳು. ಆ ಬೈಗುಳ ಬಸ್ಸು ನಿಲ್ಲುವ ಕಟ್ಟೆಯವರೆಗೂ ಕೇಳುತ್ತಿತ್ತು. ಹದಿಮೂರು ದಿನ ಕಡಿದಳು, ಹದಿಮೂರು ದಿನವೂ ಬೈದಳು. ಕೆಳಗೆ ಏಣಿ ಹಿಡಿದು ನಿಂತಿದ್ದವನು ನಾನು. ತೋಟ ಉಳಿಯಿತು.

ವರ್ಷಗಳು ಕಳೆದ ಮೇಲೆ ಊರಿನಲ್ಲಿ ಕಥೆ ಬೇರೆಯೇ ಆಯಿತು. ದಾಯಾದಿಗಳೇ ಪಾಪ ಅಂತ ಕನಿಕರಪಟ್ಟು ತೋಟ ಬಿಟ್ಟುಕೊಟ್ಟರು, ಆಳು ಕಳಿಸಿ ಕೆಲಸ ಮಾಡಿಸಿಕೊಟ್ಟರು ಎಂದು ಅವರ ಮಕ್ಕಳು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದರು. ಕೇಳಿದವರು ನಂಬಿದರು. ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ನಾನು ಬರೆಯಲು ಕೂತದ್ದು ಅದಕ್ಕೇ.

ಎರಡು ವರ್ಷ ಬರೆದೆ. ಅತ್ತಿಗೆ ಅಂಗಳದಲ್ಲಿ ಕೂತು ಕಾಫಿ ಬೀಜ ಆರಿಸುವಾಗ ಬರೆದಷ್ಟನ್ನು ಓದಿ ಹೇಳುತ್ತಿದ್ದೆ. ಅವಳು ತಿದ್ದುತ್ತಿದ್ದಳು. "ಅವತ್ತು ಹಲ್ಕಟ್ ಅಂದಿದ್ದಲ್ಲ ಕಣೋ, ಅದ್ಕಿಂತ ದೊಡ್ಡದು ಅಂದಿದ್ದೆ. ಬರಿ, ನಿಂಗ್ಯಾಕೆ ನಾಚ್ಕೆ? ನಾನು ಬೈದಿದ್ದು ಒಂದೂ ಬಿಡ್ದಂಗೆ ಬರಿ. ಅವ್ರ ಮೊಮ್ಮಕ್ಳು ಓದ್ಲಿ." ಅವಳಿಗೆ ಪುಸ್ತಕದಿಂದ ಬೇಕಿದ್ದದ್ದು ಅದೊಂದೇ.

ಬರೆದು ಮುಗಿಸಿದ ಮೇಲೆ ಶುರುವಾಯಿತು ನನ್ನ ಕರ್ಮ. ಸಕಲೇಶಪುರದ ಲೈಬ್ರರಿಗೆ ಹೋಗಿ, ಪುಸ್ತಕಗಳ ಒಳಗಿನ ಪುಟದಿಂದ ಪ್ರಕಾಶಕರ ವಿಳಾಸಗಳನ್ನು ಬರೆದುಕೊಂಡು ಬಂದೆ. ಒಬ್ಬೊಬ್ಬರಿಗೂ ಒಂದು ಕಾಗದ, ಮೊದಲ ಅಧ್ಯಾಯದ ಜೆರಾಕ್ಸ್. ನಾನೇ ತೂಗಿ, ನಾನೇ ಅಂಟಿಸಿ, ನಾನೇ ಮೊಹರು ಹೊಡೆದು ರಿಜಿಸ್ಟರ್ ಮಾಡಿದೆ. ತಲುಪಿದ್ದಕ್ಕೆ ಸಹಿ ಬಿದ್ದ ಕಾರ್ಡುಗಳು ವಾಪಸ್ ಬಂದವು, ಉತ್ತರ ಬರಲಿಲ್ಲ. ಊರಿನವರ ಮನಿಯಾರ್ಡರು, ಮದುವೆ ಕಾಗದ, ಕೋರ್ಟಿನ ನೋಟೀಸು ಎಲ್ಲ ದಿನವೂ ಬರುತ್ತಿದ್ದ ಚೀಲದಲ್ಲಿ ನನಗೆ ಮಾತ್ರ ಏನೂ ಇರುತ್ತಿರಲಿಲ್ಲ. ಕೊನೆಗೊಬ್ಬರು ಪೋಸ್ಟ್ ಕಾರ್ಡು ಬರೆದರು. ಅದರಲ್ಲಿದ್ದದ್ದು ಒಂದೇ ಸಾಲು: ತಾವು ಯಾರ ಮೂಲಕ ಬರುತ್ತಿದ್ದೀರಿ ತಿಳಿಸಿ.

ಯಾರ ಮೂಲಕ! ಪುಸ್ತಕ ನಾನು ಬರೆದದ್ದು, ಅಂಚೆ ಮೂಲಕ ಬಂದದ್ದು, ಇನ್ಯಾರ ಮೂಲಕ ಬರಬೇಕಿತ್ತು ಸ್ವಾಮಿ? ಎರಡು ದಿನ ಕೂಗಾಡಿದೆ. ಮೂರನೇ ದಿನ ಆ "ಯಾರ" ಎಂಬುವವರನ್ನು ಹುಡುಕಲು ಹಾಸನಕ್ಕೆ ಹೋದೆ.

ಸಿಕ್ಕವರು ಒಬ್ಬ ಕನ್ನಡ ಲೆಕ್ಚರರ್. ಬರೆಯುವವರನ್ನು ಪ್ರಕಾಶಕರಿಗೆ ಮುಟ್ಟಿಸುವುದು ಅವರಿಗೆ ಅಭ್ಯಾಸ ಎಂದು ಸ್ಟೇಷನರಿ ಅಂಗಡಿಯವನೊಬ್ಬ ಹೇಳಿದ್ದ. ಕಾಸು ಕೇಳುವ ಮನುಷ್ಯನಲ್ಲ. ಕೇಳಿದ್ದರೆ ಒಳ್ಳೆಯದಿತ್ತೋ ಏನೋ, ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. "ಒಂದ್ಸಲ ನಿಮ್ಮ ಕಡೆ ಬರ್ತೀವಿ ಪೋಸ್ಟ್ ಮಾಸ್ಟ್ರೇ, ಆ ವಾತಾವರಣ ನೋಡಿದ್ರೆ ಪುಸ್ತಕ ಚೆನ್ನಾಗಿ ಅರ್ಥ ಆಗುತ್ತೆ," ಅಂದರು. ನಾಲ್ಕು ಜನ ಗೆಳೆಯರ ಜೊತೆ ಜೀಪಿನಲ್ಲಿ ಬಂದರು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಬಂದರು. ಕಡುಬು, ಕೋಳಿ ಸಾರು, ಅಕ್ಕಿರೊಟ್ಟಿ. ಹೋಗುವಾಗ ಮೆಣಸು, ಜೇನು. ಹಸ್ತಪ್ರತಿಯ ವಿಷಯ ಎತ್ತಿದರೆ, "ನಡೀತಿದೆ, ನಡೀತಿದೆ."

ಮೂರನೇ ಸಲವೋ ನಾಲ್ಕನೇ ಸಲವೋ, ಸಾರು ಬಡಿಸುತ್ತಿದ್ದ ಅತ್ತಿಗೆ ಸೌಟು ಹಿಡಿದುಕೊಂಡೇ ಕೇಳಿಬಿಟ್ಟಳು. "ಏನ್ ಸ್ವಾಮಿ, ನೀವು ಬರೋದು ಊಟಕ್ಕೋ, ಪುಸ್ತಕಕ್ಕೋ? ಓದಿದ್ರಾ ಅದನ್ನ?"

ಅವರು ದೊಡ್ಡದಾಗಿ ನಕ್ಕರು. "ನಿಮ್ಮಂಥ ತಾಯಂದಿರು ಇರೋದ್ರಿಂದ್ಲೇ ಅಮ್ಮ ಸಾಹಿತ್ಯ ಉಳಿದಿರೋದು."

"ಓದಿಲ್ಲ ಕಣೋ ಇವ್ರು," ಅಂದಳು ನನ್ನ ಕಡೆ ತಿರುಗಿ, ಅವರೆದುರೇ. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಅವರು ಹೋದ ಮೇಲೆ ಅತ್ತಿಗೆಯ ಮೇಲೆ ರೇಗಿದೆ. ಬಂದವರ ಮುಂದೆ ಮಾನ ಕಳೆದೆ, ಆಗುವ ಕೆಲಸ ಕೆಡಿಸಿದೆ ಎಂದೆಲ್ಲ ಅಂದೆ. ಅವಳು ಅದಕ್ಕೆ ಎರಡರಷ್ಟು ಬೈದಳು.

ಆದರೆ ಆ ಮಾತು ನಾಟಿತೇನೋ, ಮುಂದಿನ ತಿಂಗಳೇ ಲೆಕ್ಚರರ್ ಹೇಳಿ ಕಳಿಸಿದರು. ಪ್ರಕಾಶಕರು ಒಪ್ಪಿದ್ದಾರೆ, ಆದರೆ ಹೊಸಬರ ಪುಸ್ತಕಕ್ಕೆ ದೊಡ್ಡವರ ಮುನ್ನುಡಿ ಬೇಕೇ ಬೇಕಂತೆ, ಮುನ್ನುಡಿ ಇಲ್ಲದೆ ಮುಟ್ಟುವುದಿಲ್ಲವಂತೆ. ದೊಡ್ಡವರು ಎಂದರೆ ಮೈಸೂರಿನಲ್ಲಿದ್ದ ಒಬ್ಬ ಹಿರಿಯ ವಿಮರ್ಶಕರು. ಇಬ್ಬರೂ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಲೆಕ್ಚರರ್ ನನಗೆ ಪಾಠ ಹೇಳಿದರು: ಅವರು ಕೂರಿ ಅನ್ನುವವರೆಗೆ ಕೂರಬೇಡಿ, ನಿಮ್ಮ ಪುಸ್ತಕದ ವಿಷಯ ನೀವೇ ಎತ್ತಬೇಡಿ, ಬೇಗ ಬರೆದುಕೊಡಿ ಎಂದು ಅಪ್ಪಿತಪ್ಪಿಯೂ ಕೇಳಬೇಡಿ.

ಹಿರಿಯರು ಕೂರಿ ಅಂದರು. ಹೆಗ್ಗದ್ದೆಯಲ್ಲಿ ಮಳೆ ಜಾಸ್ತಿ ಅಲ್ಲವೇ ಅಂದರು. ಹೌದು ಅಂದೆ. ಹಸ್ತಪ್ರತಿ ಇಸಿದುಕೊಂಡು, ಮೊದಲ ಪುಟದಲ್ಲಿ ನಾನು "ಅತ್ತಿಗೆಗೆ" ಎಂದು ಬರೆದಿದ್ದ ಅರ್ಪಣೆಯನ್ನು ನೋಡಿ, "ಪಾಪ," ಅಂದರು. ಆಮೇಲೆ ಅದನ್ನು ಇನ್ನೂ ಹತ್ತಾರು ಹಸ್ತಪ್ರತಿಗಳ ರಾಶಿಯ ಮೇಲಿಟ್ಟರು. ಯಾಕೆ ಪಾಪ ಅಂದರೋ ಆಗ ನನಗೆ ಹೊಳೆಯಲಿಲ್ಲ.

ಎಂಟು ತಿಂಗಳು ಕಾದೆ. ಒಂದು ದಿನ ಚೀಲ ಬಿಚ್ಚಿದಾಗ ನನ್ನ ಹೆಸರಿನ ದಪ್ಪ ಲಕೋಟೆ! ಸ್ಟಾಂಪು ಕೊಳ್ಳಲು ಬಂದವರನ್ನು ಆಮೇಲೆ ಬನ್ನಿ ಎಂದು ಕಳಿಸಿ ಓದಿದೆ. ನಾಲ್ಕು ಪುಟ. ಅಪರೂಪದ ಗದ್ಯ, ಮಣ್ಣಿನ ವಾಸನೆ, ಕನ್ನಡಕ್ಕೆ ಹೊಸ ದನಿ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮೂರನೇ ಪುಟಕ್ಕೆ ಬಂದಾಗ ಆ ನೀರು ಇಂಗಿತು. ದಾಯಾದಿಗಳ ಕಾಟವನ್ನು ಒಂದು ಮಾತೂ ಆಡದೆ ನುಂಗಿಕೊಂಡ ಆ ಮೌನಮೂರ್ತಿ ಅತ್ತಿಗೆಯನ್ನು ಹಿರಿಯರು ಕೊಂಡಾಡಿದ್ದರು. ಕೊನೆಯ ಅಧ್ಯಾಯದಲ್ಲಿ ಆಕೆಯ ಸಾವು ತಮ್ಮನ್ನು ಬಹಳ ಹೊತ್ತು ಕಲಕಿತು ಎಂದಿದ್ದರು. ಆ ಹೊತ್ತಿಗೆ ಅತ್ತಿಗೆ ಹಿತ್ತಲಲ್ಲಿ ಹಾಲಿನವನಿಗೆ, ನೀರು ಕುಡಿಸಿ ಹಸು ಕರೀತೀಯೋ ಹಾಲಿಗೇ ನೀರು ಸುರಿತೀಯೋ ಎಂದು ಬೈಯುತ್ತಿದ್ದಳು.

ಓದೇ ಇಲ್ಲ ಮನುಷ್ಯ! ಅರ್ಪಣೆಯ ಒಂದು ಪದ ನೋಡಿ ನಮ್ಮ ಅತ್ತಿಗೆ ಸತ್ತಿದ್ದಾಳೆ ಎಂದುಕೊಂಡು, ಸತ್ತ ಹೆಂಗಸು ಅಂದ ಮೇಲೆ ತಾಳ್ಮೆಯವಳೇ ಇರಬೇಕು ಎಂದುಕೊಂಡು, ಉಳಿದದ್ದನ್ನು ತಲೆಯಿಂದ ಬರೆದಿದ್ದರು.

ಅವತ್ತೇ ಮಧ್ಯಾಹ್ನದ ಬಸ್ಸಿಗೆ ಹಾಸನಕ್ಕೆ ಹೋಗಿ ಲೆಕ್ಚರರ ಮುಂದೆ ಕಾಗದ ಎಸೆದೆ. ಅವರು ಓದಿ, ಕನ್ನಡಕ ಒರೆಸಿಕೊಂಡರು. "ನೋಡಿ ಇವ್ರೇ, ಇದನ್ನ ತಿದ್ದಿಕೊಡಿ ಅಂತ ಅವ್ರನ್ನ ಕೇಳೋ ಧೈರ್ಯ ಈ ರಾಜ್ಯದಲ್ಲಿ ಯಾರಿಗೂ ಇಲ್ಲ. ಕೇಳಿದ್ರೆ ನಿಮ್ಮ ಪುಸ್ತಕಕ್ಕೂ ಎಳ್ಳುನೀರು, ನನಗೂ ಆ ಮನೆ ಬಾಗಿಲು ಮುಚ್ಚಿದ ಹಾಗೆ."

"ಮತ್ತೆ ಏನು ಮಾಡೋದು ಸಾರ್?"

"ಪುಸ್ತಕ ನಿಮ್ಮದೇ ತಾನೆ? ಅದನ್ನ ತಿದ್ದಿ. ಆ ಬೈಗುಳ ತೆಗೀರಿ, ಹೇಗೂ ಅದು ಸ್ವಲ್ಪ ಒರಟು. ಕೊನೇಲಿ ಒಂದು ಸಾವು ಹಾಕಿ. ಎಷ್ಟು ಪುಟದ ಕೆಲಸ?"

ಥೂ ನಿನ್ನ ಎಂದು ಎದ್ದು ಬರಬೇಕಿತ್ತು ನಾನು. ಎದ್ದು ಬಂದೆ, ನಿಜ. ಆದರೆ ಬಸ್ಸು ಆಲೂರು ದಾಟುವುದರೊಳಗೆ ನನ್ನ ತಲೆ ಬೇರೆ ಲೆಕ್ಕ ಹಾಕುತ್ತಿತ್ತು. ನಾಲ್ಕು ವರ್ಷ ಕಾದಿದ್ದೆ. ಅಂಥ ದೊಡ್ಡವರ ಮುನ್ನುಡಿ ಇನ್ನೊಮ್ಮೆ ಸಿಗುವುದಿಲ್ಲ. ಹೇಗಾದರೂ ಪುಸ್ತಕ ಬರಲಿ, ಎರಡನೇ ಮುದ್ರಣದಲ್ಲಿ ಸರಿ ಮಾಡಿದರಾಯಿತು. ಹೀಗೆ ನನಗೆ ನಾನೇ ಮೂಗಿಗೆ ತುಪ್ಪ ಸವರಿಕೊಂಡೆ. ಅತ್ತಿಗೆಗಾಗಿ ಬರೆದ ಪುಸ್ತಕ ಅದು ಎಂಬುದು ಗೊತ್ತಿದ್ದೂ, ಮುಖಪುಟದ ಮೇಲಿನ ನನ್ನ ಹೆಸರು ಮಾತ್ರ ಕಣ್ಣಿಗೆ ಕಾಣುತ್ತಿತ್ತು. ಲೆಕ್ಚರರ್, ಹಿರಿಯರು, ಪ್ರಕಾಶಕರು, ಯಾರನ್ನು ಬೈದರೂ ನನ್ನನ್ನು ಬಿಟ್ಟು ಬೈದರೆ ಅದು ಸುಳ್ಳು.

ಒಂದು ವಾರ ಕೂತು ತಿದ್ದಿದೆ. ಹಾಲುವಾಣದ ಮರ ಹತ್ತುವುದನ್ನು ಬಿಡಲಿಲ್ಲ. ಹತ್ತಿದವಳು ಮಾತ್ರ ತುಟಿ ಬಿಚ್ಚದೆ, ಕಣ್ಣೀರು ಒರೆಸಿಕೊಳ್ಳುತ್ತಾ ಕೊಂಬೆ ಕಡಿದಳು. ಕೊನೆಯಲ್ಲಿ ಜ್ವರ ಬಂದು, ನನ್ನ ತಲೆ ಸವರಿ ಸತ್ತಳು. ಅದನ್ನು ಬರೆಯುವಾಗ ಅತ್ತಿಗೆ ಒಳಗಿಂದ, "ಕಾಫಿ ಆರ್ತಾ ಐತೆ, ಕುಡಿಯೋಕೂ ಮುಹೂರ್ತ ಇಡ್ಬೇಕೇನೋ?" ಎಂದು ಕೂಗಿದಳು. ಬಂದೆ ಅಂದೆ. ಆ ವಾರ ಅವಳಿಗೆ ಒಂದು ಪುಟವನ್ನೂ ಓದಿ ಹೇಳಲಿಲ್ಲ.

ಪುಸ್ತಕ ಬಂತು. ಸಕಲೇಶಪುರದಲ್ಲಿ ಒಂದು ಸಣ್ಣ ಬಿಡುಗಡೆಯ ಸಮಾರಂಭ ಮಾಡಿದರು. ಅತ್ತಿಗೆಗೆ ಮಂಡಿ ನೋವು, ಬರಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ. ಪತ್ರಿಕೆಗಳಲ್ಲಿ ಬಂದ ಎರಡು ವಿಮರ್ಶೆಗಳೂ ಮುನ್ನುಡಿಯ ಸಾಲುಗಳನ್ನೇ ಹಿಂದೆ ಮುಂದೆ ಮಾಡಿ ಬರೆದಂತಿದ್ದವು. ದಾಯಾದಿಯೊಬ್ಬರ ಹಿರಿ ಮಗ ಬಿಡುಗಡೆಯ ದಿನ ಬಂದಿದ್ದ. ಐದು ಪ್ರತಿ ಕೊಂಡು ನನ್ನ ಬೆನ್ನು ತಟ್ಟಿದ. "ಚೆನ್ನಾಗಿ ಬರ್ದಿದ್ದೀಯ ಮಾರಾಯ. ನಮ್ ಚಿಕ್ಕಮ್ಮ ಎಷ್ಟು ತಾಳ್ಮೆಯೋಳು ಅಂತ ನಾವೂ ಎಲ್ಲಾರ್ಗೂ ಹೇಳ್ತಿದ್ವಿ." ನಾನು ಥ್ಯಾಂಕ್ಸ್ ಅಂದೆ.

ಅತ್ತಿಗೆ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತಾ ಓದುತ್ತಾಳೆ. ಅಷ್ಟು ದಪ್ಪ ಪುಸ್ತಕ ಅವಳು ಮುಗಿಸಲಾರಳು ಎಂಬ ಆಸೆಯಲ್ಲಿ ಒಂದು ಪ್ರತಿ ಕೈಗೆ ಕೊಟ್ಟೆ. ಅವಳು ದಿನವೂ ಮಧ್ಯಾಹ್ನ ಅಂಗಳದಲ್ಲಿ ಕೂತು ಓದಿದಳು. ಎರಡು ವಾರ ಹಿಡಿಯಿತು. ಮೊದಲೆರಡು ದಿನ ಅಲ್ಲಲ್ಲಿ ಕೂಗಿ ಏನಾದರೂ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ನಿಲ್ಲಿಸಿದಳು.

ಮುಗಿಸಿದ ಮಾರನೆಯ ಬೆಳಿಗ್ಗೆ ಜಗುಲಿಗೆ ಬಂದಳು. ನನ್ನ ಪಕ್ಕಕ್ಕಲ್ಲ, ಮೇಜಿನ ಆಚೆ ಬದಿಗೆ, ಊರಿನವರು ಕಾರ್ಡು ಕವರು ಕೇಳಲು ನಿಲ್ಲುವ ಜಾಗಕ್ಕೆ. ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಓದ್ದೆ," ಅಂದಳು.

"ಅತ್ತಿಗೆ, ಅದು ಮುನ್ನುಡಿ ಬರೆದವರು..."

"ಸಾಯ್ಸಿದ್ದು ಹೋಗ್ಲಿ ಬಿಡು. ಇವತ್ತಲ್ಲ ನಾಳೆ ಸಾಯೋಳೇ ನಾನು." ದನಿ ಏರಲಿಲ್ಲ. "ಮರದ್ ಮೇಲೆ ಇದ್ದೋಳ ಬಾಯಿ ಯಾಕೋ ಮುಚ್ಚಿಸ್ದೆ? ಅಷ್ಟ್ ಜನ ಸೇರಿದ್ರೂ ಅವ್ರ ಕೈಲಿ ಆಗಿರ್ಲಿಲ್ಲ. ನೀನು ಮಾಡ್ಬುಟ್ಟೆ."

ಈಗ ಬೈಯುತ್ತಾಳೆ ಎಂದು ತಲೆ ತಗ್ಗಿಸಿಕೊಂಡು ಕಾದೆ. ಬೈಯಲಿ, ಬಸ್ಸಿನ ಕಟ್ಟೆಗೆ ಕೇಳುವ ಹಾಗೆ ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಸೆರಗಿನಿಂದ ಮೇಜಿನ ಧೂಳು ಒರೆಸಿ ಒಳಗೆ ಹೋದಳು.

ಎರಡನೇ ಮುದ್ರಣ ಆಗಲೇ ಇಲ್ಲ. ಅತ್ತಿಗೆ ಅದಾದ ಮೇಲೆ ಒಂಬತ್ತು ವರ್ಷ ಬದುಕಿದ್ದಳು. ಆಳುಗಳನ್ನು ಬೈದಳು, ಹಾಲಿನವನನ್ನು ಬೈದಳು, ಪಂಚಾಯ್ತಿಯವರನ್ನು ಅವರ ಕಚೇರಿಗೇ ಹೋಗಿ ಬೈದು ಬಂದಳು. ನನಗೆ ಹೊತ್ತು ಹೊತ್ತಿಗೆ ಊಟ ಬಡಿಸಿದಳು, ಕೇಳಿದ್ದಕ್ಕೆ ಮೆತ್ತಗೆ ಉತ್ತರ ಕೊಟ್ಟಳು. ನನ್ನನ್ನು ಮಾತ್ರ ಒಂದು ದಿನವೂ ಬೈಯಲಿಲ್ಲ.