ಏಣಿ ಗುರುತಿನ ಮಾವ
ನಮ್ಮ ವಾರ್ಡಿನ ಏಣಿ ಮಾವ ನಗರಸಭೆಗೆ ನಿಂತಿದ್ದು ಇದು ನಾಲ್ಕನೇ ಸಲ. ಚಿಹ್ನೆ ಏಣಿಯಾದ್ದರಿಂದ ಅವರು ನಿಜವಾದ ಏಣಿಯನ್ನೇ ಹೆಗಲಿಗೇರಿಸಿ ಮನೆಮನೆಗೆ ಹೋಗುತ್ತಿದ್ದರು. "ಹೇಗೂ ಏಣಿ ತಂದಿದ್ದೀರಲ್ಲ ಮಾವ, ಈ ಬಲ್ಬ್ ಒಂಚೂರು ಹಾಕಿಬಿಡಿ" ಅನ್ನದವರಿಲ್ಲ. ಮಾವ ಹತ್ತಿ, ಬಲ್ಬ್ ಹಾಕಿ, ಜೇಡರ ಬಲೆಯನ್ನೂ ಗುಡಿಸಿ, ಮೇಲಿನಿಂದಲೇ ಭಾಷಣ ಮುಗಿಸಿ ಇಳಿಯುವರು. ಓಟು ಕೇಳುವುದೊಂದನ್ನು ಮಾತ್ರ ಮರೆಯುವರು. "ಈ ಸಲ ಸೋತ್ರೆ ಮತ್ತೆ ನಿಲ್ಲಲ್ಲ ಕಣೇ, ಆಣೆ" ಎಂದು ಹೆಂಡತಿಗೆ ಮಾತು ಕೊಟ್ಟಿದ್ದರು. ಸೋತರು, ಒಂದೇ ಒಂದು ಓಟಿನಿಂದ. ಮತಗಟ್ಟೆಯ ಬಾಗಿಲು ಮುಚ್ಚುವ ಹೊತ್ತಿಗೆ ಮಾವ ಹಿಂದಿನ ಬೀದಿಯ ಅಜ್ಜಿಯ ಬೆಕ್ಕನ್ನು ಸೂರಿನಿಂದ ಇಳಿಸುತ್ತಿದ್ದರು; "ಬನ್ರೀ, ಓಟು ಹಾಕೋಣ" ಎಂದು ಕರೆಯಲು ಬಂದ ಹೆಂಡತಿಯೂ ಕೆಳಗೆ ಏಣಿ ಹಿಡಿದು ನಿಂತುಬಿಟ್ಟಿದ್ದರು.